ಮೇಜರ್ ಗಂಡನ ಗಿಟಾರ್ ಸೋಲೊ

ಮಾವನವರ ನಿವೃತ್ತಿಯ ಬೀಳ್ಕೊಡುಗೆಯಲ್ಲಿ ಗಿಟಾರ್ ಸೋಲೊ ನುಡಿಸಿ, ಅಳಿಯ ಬರೀ ಹಲ್ಲು ಕೀಳುವ ಡಾಕ್ಟರಲ್ಲ ಎಂದು ಸಭೆಗೆಲ್ಲ ತೋರಿಸಿಬಿಡುತ್ತೇನೆಂದು ಶಪಥ ಮಾಡಿದ್ದೆ. ಬ್ಲೂಸ್ ಹಾಡು, ಒಟ್ಟಿಗೆ ಒತ್ತುವ ಸ್ವರಗಳ ಮೂರೇ ಕಾರ್ಡು, ಕೀಬೋರ್ಡಿಗೆ ಹೆಂಡತಿ. ನನ್ನ ಕೈಯಲ್ಲಿ ಎ ಮೇಜರ್ ಪೆಂಟಾಟೋನಿಕ್ ಎಂಬ ಐದು ಸ್ವರಗಳ ಬ್ರಹ್ಮಾಸ್ತ್ರ. ಯಾವ ಕಾರ್ಡು ಎದುರಾದರೂ ಇದೊಂದೇ ಸ್ಕೇಲು ಸಾಕೆಂದು ನನ್ನ ಸಿದ್ಧಾಂತ.

ಹಿಂದಿನ ದಿನ ಮಾವನವರ ಮನೆಯ ಹಾಲಿನಲ್ಲಿ ಅಭ್ಯಾಸಕ್ಕೆ ಕೂತೆವು. ಮೊದಲ ಕಾರ್ಡಿನ ಮೇಲೆ ಜೇನು ಸುರಿಯಿತು. ಎರಡನೆಯದಕ್ಕೆ ಅವಳು ಹೋದದ್ದೇ ತಡ, ಹಾಲೇ ಒಡೆದುಹೋಯಿತು.

"ತಪ್ಪು ಒತ್ತಿದೆ ನೀನು" ಎಂದೆ.

"ಸರಿಯಾಗೇ ಒತ್ತಿದೀನಿ. ಇದು ಡಿ ಸೆವೆಂತ್. ಇದರಲ್ಲಿ ಸಿ ಸ್ವರ ಇದೆ, ನೀವು ಅದರ ಪಕ್ಕದ ಸಿ ಶಾರ್ಪ್ ಹಿಡ್ಕೊಂಡು ಎಳೀತಿದೀರಿ. ಎರಡೂ ಕಿತ್ತಾಡ್ತಿವೆ. ಈ ಕಾರ್ಡ್ ಬಂದಾಗ ಎ ಮೈನರ್‌ಗೆ ಬನ್ನಿ, ಮೊದಲನೇದಕ್ಕೆ ವಾಪಸ್ ಹೋದಾಗ ಮೇಜರ್ ನುಡಿಸಿ."

ನನಗೆ ಮೈಯೆಲ್ಲ ಉರಿಯಿತು. "ನಗೋ ಹಾಡಿಗೆ ಅಳೋ ಸ್ಕೇಲಾ? ನಾನು ಮೇಜರ್ ಆಗಿ ಇಪ್ಪತ್ತು ವರ್ಷ ಆಯ್ತು. ಇನ್ನು ಮೈನರ್ ಆಗಲ್ಲ."

"ಬುದ್ಧಿ ಇನ್ನೂ ಮೇಜರ್ ಆಗಿಲ್ವಲ್ಲ."

ಮತ್ತೆ ನುಡಿಸಿದೆವು, ಮತ್ತೆ ಒಡೆಯಿತು. ತಂತಿಯನ್ನು ಬೈದೆ, ಸ್ಪೀಕರನ್ನು ಬೈದೆ, ಬೈಯಲು ಇನ್ನೇನೂ ಉಳಿಯದೆ "ನಿನ್ನ ಕೀಬೋರ್ಡೇ ಕೆಟ್ಟಿದೆ" ಎಂದು ರೊಚ್ಚಿಗೆದ್ದು ತಿರುಗಿದೆ. ತಿರುಗಿದ ರಭಸಕ್ಕೆ ಗಿಟಾರಿನ ತಲೆ ಅವಳ ಕಾಫಿ ಲೋಟಕ್ಕೆ ಬಡಿದು, ಕಾಫಿಯಷ್ಟೂ ಕೀಬೋರ್ಡಿನ ಹೊಟ್ಟೆ ಸೇರಿತು. ಎಡಗಡೆಯ ಕೀಗಳೆಲ್ಲ ಮೂಕವಾದವು.

ಹೆಂಡತಿ ಕೂಗಾಡಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಬಟ್ಟೆ ತಂದು ಒರೆಸುತ್ತಾ, "ಈಗ ನಿಜವಾಗ್ಲೂ ಕೆಟ್ಟಿತು. ಸಮಾಧಾನ ಆಯ್ತಾ? ನಾಳೆ ಅಪ್ಪನ ಮುಂದೆ ನೀವೊಬ್ರೇ ಬಾರಿಸ್ಕೊಳ್ಳಿ" ಎಂದಳು.

ತಪ್ಪಾಯಿತು ಎನ್ನಬೇಕಿತ್ತು. ಆದರೆ ಕೋಪ ಬಾಯ ಬಾಗಿಲಿಗೆ ಅಡ್ಡ ನಿಂತಿತ್ತು. "ಕೂತ್ಕೋ, ಒಂದೇ ಒಂದು ಸಲ. ನಿನ್ನ ಮೈನರ್ ಎಷ್ಟು ದರಿದ್ರವಾಗಿದೆ ಅಂತ ಕೇಳಿಸ್ತೀನಿ" ಎಂದೆ.

ಅವಳು ಬದುಕುಳಿದ ಬಲಗಡೆಯ ಕೀಗಳಲ್ಲೇ ಕಾರ್ಡು ಹಿಡಿದಳು. ಡಿ ಬಂದಾಗ ಹಲ್ಲು ಕಚ್ಚಿ ಮೈನರ್‌ಗೆ ಇಳಿದೆ, ಮೊದಲಿನ ಎ ಬಂದಾಗ ಮೇಜರ್‌ಗೆ ಹತ್ತಿದೆ. ಹಾಳಾದ್ದು, ಎಲ್ಲೂ ಒಡೆಯಲಿಲ್ಲ. ಬಿಸಿಲಿನಿಂದ ನೆರಳಿಗೆ ಕಾಲಿಟ್ಟ ಹಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಅತ್ತೆಯ ದನಿ ಕೇಳಿಸಿತು: "ಈಗ ಕಿವಿಗೆ ಹಿತವಾಯ್ತು ಕಣೇ. ಅವರ ಕೈಯಿಂದ ಗಿಟಾರ್ ಕಿತ್ಕೊಂಡು ಒಳ್ಳೇ ಕೆಲಸ ಮಾಡ್ದೆ."

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಉತ್ತರ ಕೊಟ್ಟಳು: "ಹೂಂ ಅಮ್ಮ. ಅವರಿಗೆ ಕೀಬೋರ್ಡ್ ಕೊಟ್ಟಿದೀನಿ, ಅದು ಹೇಗೂ ಕೆಟ್ಟಿದೆ."