ಉಪಗ್ರಹಕ್ಕೊಂದು ದಬರಿ

ಸರ್ವೆಯರ್ ಆದವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಯಾರದೋ ಬೇಲಿಯ ಪಕ್ಕ ನಿಂತರೆ ಸಾಕು, ನಗುವೇ ಕಾಫಿ ಲೋಟ ಹಿಡಿದುಕೊಂಡು ಬರುತ್ತದೆ. ಇಪ್ಪತ್ತು ವರ್ಷ ನಾನು ಸರಪಳಿ ಎಳೆದು ಜಮೀನು ಅಳೆದವನು. ಹಳ್ಳ, ಮುಳ್ಳು, ರಕ್ತ ಹೀರುವ ಉಂಬಳ ಎಲ್ಲಕ್ಕೂ ನನ್ನ ಕಾಲಿನ ಪರಿಚಯವಿದೆ. ಈಗ ಕೈಗೆ ರೋವರ್ ಬಂದಿದೆ. ಉದ್ದದ ಒಂದು ಕಂಬ, ತಲೆಯ ಮೇಲೆ ಉಪಗ್ರಹಗಳ ಸಿಗ್ನಲ್ ಹಿಡಿಯುವ ಬಟ್ಟಲು. ಅದೊಂದನ್ನೇ ನಂಬಿದರೆ ಅಳತೆ ಮಾರುದ್ದ ಆಚೀಚೆ ಆಗುತ್ತದೆ. ಅದಕ್ಕೇ ಅಲ್ಲಲ್ಲಿ ಕಟ್ಟಡಗಳ ತಾರಸಿ ಮೇಲೆ ಕಾಯಂ ಸ್ಟೇಷನ್‌ಗಳನ್ನು ಕೂರಿಸಿದ್ದಾರೆ. ಅವಕ್ಕೆ ತಾವು ಕೂತ ಜಾಗ ಕರಾರುವಾಕ್ಕಾಗಿ ಗೊತ್ತು. ಹಾಗಾಗಿ ಈ ಕ್ಷಣ ಸಿಗ್ನಲ್ಲಿನಲ್ಲಿ ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕಿ, ಇಂಟರ್ನೆಟ್ ಮೂಲಕ ನಮ್ಮ ಕಂಬಕ್ಕೆ ಹೇಳುತ್ತಲೇ ಇರುತ್ತವೆ. ಆಗ ಅಳತೆ ಎರಡು ಬೆರಳಿನೊಳಗೆ ಸಿಗುತ್ತದೆ. ಯಂತ್ರದ ತಪ್ಪು ತಿದ್ದಲು ಇಷ್ಟೆಲ್ಲ ವ್ಯವಸ್ಥೆ ಆಯಿತು. ಮನುಷ್ಯರನ್ನು ತಿದ್ದಲು ಇನ್ನೂ ಯಾರೂ ಕೈ ಹಾಕಿಲ್ಲ, ಅದು ನನ್ನ ಪುಣ್ಯ.

ಹೊಸ ಕಂಬ ಬಂದಾಗ ನನ್ನ ಚೀಲದಲ್ಲಿ ಒಂದು ಹಳೆಯ ಅರ್ಜಿ ಇತ್ತು. ಹಿರೇಕೊಡಿಗೆಯ ಇಬ್ಬರು ವಾರಗಿತ್ತಿಯರದು. ಅಣ್ಣ ತಮ್ಮಂದಿರ ಹೆಂಡತಿಯರು, ಅಕ್ಕಪಕ್ಕದ ಮನೆ, ಎರಡು ಅಂಗಳದ ನಡುವಿನ ಬೇಲಿ ರಸ್ತೆಗೆ ಸೇರುವಲ್ಲಿ ಒಂದು ಹಲಸಿನ ಮರ. ಅದು ಯಾರದು ಎಂಬ ಜಗಳದಲ್ಲಿ ಇಬ್ಬರೂ ಎಂಟು ವರ್ಷದಿಂದ ಮಾತು ಬಿಟ್ಟಿದ್ದರು. ಹಣ್ಣು ಬಿದ್ದ ಸದ್ದಾದರೆ ಎರಡೂ ಮನೆಯಿಂದ ಓಟ. ನಾನು ಕೊಡುವ ಅಳತೆಯಿಂದ ಒಬ್ಬರಿಗೆ ಮರ ಹೋಗುತ್ತದೆ, ಇಬ್ಬರಿಗೂ ಸಂಬಂಧ ಪೂರ್ತಿ ಹೋಗುತ್ತದೆ ಎಂದು ಹೆದರಿ ಮುಂದೂಡುತ್ತಲೇ ಇದ್ದೆ.

೧. ಕೊಟ್ಟಿಗೆಯ ನೆಟ್‌ವರ್ಕ್

ಕೆರೆಕಟ್ಟೆ ಕಡೆ ಒಬ್ಬರ ಗದ್ದೆ ಅಳೆಯಬೇಕಿತ್ತು. ಕಂಬಕ್ಕೆ ಹದಿನೆಂಟು ಉಪಗ್ರಹ ಸಿಕ್ಕಿವೆ, ಮೊಬೈಲಿಗೆ ಒಂದು ಕಡ್ಡಿಯೂ ನೆಟ್‌ವರ್ಕ್ ಇಲ್ಲ. ಇಂಟರ್ನೆಟ್ ಇಲ್ಲದಿದ್ದರೆ ಸ್ಟೇಷನ್ನಿನ ಮಾತು ನನಗೆ ತಲುಪುವುದಿಲ್ಲ.

"ಇಲ್ಲಿ ಎಲ್ಲೂ ಸಿಗೋದೇ ಇಲ್ವಾ?" ಎಂದೆ.

ಗದ್ದೆಯವರು ದನಿ ತಗ್ಗಿಸಿದರು. "ಸಿಗ್ತದೆ ಮಾರಾಯ್ರೆ. ಆದ್ರೆ ಪಕ್ಕದವರ ಕೊಟ್ಟಿಗೆ ಕಿಟಕೀಲಿ ಮಾತ್ರ."

ಗಡಿಯ ತಕರಾರು ಇದ್ದದ್ದು ಆ ಪಕ್ಕದವರ ಜೊತೆಯೇ. ಆದರೂ ಹೋಗಿ ಕೇಳಿದೆ. ಪಾಪ, ಒಳ್ಳೆಯವರು. ನನ್ನ ಫೋನಿನ ಹಾಟ್‌ಸ್ಪಾಟ್ ಹಾಕಿಸಿ, ತಾವೇ ಅದನ್ನು ಕಿಟಕಿಯಲ್ಲಿಟ್ಟು, ಎಮ್ಮೆ ನೆಕ್ಕದ ಹಾಗೆ ಕಾದು ನಿಂತರು. ಅಳತೆ ಮುಗಿಯಿತು. ಅವರ ಬೇಲಿ ಆರು ಅಡಿ ಈಚೆಯ ಗದ್ದೆಯೊಳಗೆ ಬಂದಿತ್ತು.

ನಾನು ಗೂಟ ಹೊಡೆಯುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು. "ನಂದೇ ನೆಟ್‌ವರ್ಕು, ನಂದೇ ಕಾವಲು, ಹೋಗಿದ್ದೂ ನಂದೇ ಜಾಗ. ಇನ್ನೊಂದ್ಸಲ ಬಂದ್ರೆ ಫೋನು ಎಮ್ಮೆಗೇ ಕೊಡ್ತೇನೆ!"

೨. ಮೋಡದ ದಿನ

ಮಳೆಗಾಲದಲ್ಲಿ ಅಳೆಯಲು ಬರುತ್ತೇನೆಂದರೆ ಎಲ್ಲರೂ ಬೇಡ ಎನ್ನುತ್ತಾರೆ. ನರಸಿಂಹರಾಜಪುರದ ಒಬ್ಬರು ಮಾತ್ರ, "ಆಷಾಢದಲ್ಲೇ ಬನ್ನಿ, ಮೋಡ ಚೆನ್ನಾಗಿ ಕಟ್ಟಿದ ದಿನ ನೋಡಿ ಬನ್ನಿ" ಎಂದು ಎರಡು ಸಲ ಫೋನು ಮಾಡಿದರು.

ಹೋದೆ. ಕಾಫಿ ತೋಟದ ಸುತ್ತ ಬೇಲಿ, ಅದರಲ್ಲಿ ಒಂದು ಕಡೆ ಮಾತ್ರ ನರ್ಸರಿಗೆ ಹಾಕುವ ಹಸಿರು ಬಲೆಯನ್ನು ಉದ್ದಕ್ಕೂ ಹೊದಿಸಿದ್ದಾರೆ.

"ಇವತ್ತು ಮೇಲಿಂದ ಎಂತದೂ ಕಾಣ್ಲಿಕ್ಕಿಲ್ಲ, ಅಲ್ವಾ?" ಎಂದು ಮೆಲ್ಲಗೆ ಕೇಳಿದರು.

ಉಪಗ್ರಹ ಬೇಲಿಯನ್ನು ನೋಡುವುದಿಲ್ಲ, ಸಿಗ್ನಲ್ ಕಳಿಸುತ್ತದೆ ಅಷ್ಟೇ, ಅದಕ್ಕೆ ಮೋಡ ಲೆಕ್ಕಕ್ಕಿಲ್ಲ ಎಂದು ವಿವರಿಸಿದೆ. ಅವರ ಮುಖ ಬಾಡಿತು. "ಹಾಗಾದ್ರೆ ಈ ಬಲೆ?"

"ಅದರಿಂದ ನನಗೆ ಉಪಕಾರ ಆಯ್ತು. ಎಲ್ಲಿ ಒತ್ತುವರಿ ಆಗಿದೆ ಅಂತ ಹುಡುಕೋದು ತಪ್ಪಿತು."

ಜಗುಲಿಯಲ್ಲಿದ್ದ ಹೆಂಡತಿ ಅಲ್ಲಿಂದಲೇ ಕೂಗಿದರು. "ಮೆಣಸಿನ ಸಸಿಗೊಂದು ಬಲೆ ಹಾಕಿ ಅಂತ ಎರಡು ವರ್ಷದಿಂದ ಹೇಳ್ತಿದ್ದೆ ಸಾರ್. ಇವರಿಗೆ ಬಲೆ ಹಾಕ್ಲಿಕ್ಕೆ ಬರ್ತದೆ ಅಂತ ಈಗ ಗೊತ್ತಾಯ್ತು!"

೩. ಜವಾಬ್ದಾರಿ

ಮರುವರ್ಷ ಮಳೆ ಹಿಡಿಯುವ ಹೊತ್ತಿಗೆ ಹಿರೇಕೊಡಿಗೆಗೆ ಹೋಗಲೇಬೇಕಾಯಿತು. ವಾರಗಿತ್ತಿಯರು ಮರದ ಆಚೆಗೊಬ್ಬರು ಈಚೆಗೊಬ್ಬರು ನಿಂತಿದ್ದರು. ನಡುವೆ ಮೂರಡಿ ದೂರ, ಆದರೆ ಮಾತೆಲ್ಲ ನನ್ನ ಮೂಲಕ.

"ಸಾರ್, ಅವರಿಗೆ ಹೇಳಿ, ಅತ್ತೆ ಈ ಮರ ನೆಟ್ಟಿದ್ದು ನಾನು ಮದುವೆ ಆಗಿ ಬಂದ ವರ್ಷ" ಎಂದರು ಹಿರಿಯರು.

"ಸಾರ್, ಅವರಿಗೆ ಹೇಳಿ, ಬೇಸಿಗೇಲಿ ನೀರು ಹೊತ್ತು ಬದುಕಿಸಿದ್ದು ನಾನು" ಎಂದರು ಕಿರಿಯರು.

ನಾನು ಹೇಳಿದೆ, ಅವರಿಗೂ ಇವರಿಗೂ. ಕಂಬ ಮಾತ್ರ ಏನೂ ಹೇಳಲಿಲ್ಲ. ಬಯಲಲ್ಲಿ ನಿಲ್ಲಿಸಿದರೂ ಅಳತೆ ಒಂದು ಕಡೆ ನಿಲ್ಲದು. ಕಚೇರಿಗೆ ಫೋನು ಮಾಡಿ ವಿಚಾರಿಸಿದರೆ, ಕೊಪ್ಪದ ಸ್ಟೇಷನ್ ಹಿಂದಿನ ದಿನದಿಂದ ಮೂಕವಾಗಿದೆ, ಉಳಿದವು ದೂರ ಎಂದರು.

ಬೈಕು ಹತ್ತಿ ಕೊಪ್ಪಕ್ಕೆ ಬಂದು ಸ್ಟೇಷನ್ ಇರುವ ಕಟ್ಟಡದ ತಾರಸಿ ಏರಿದೆ. ಸ್ಟೇಷನ್ನಿನ ಬಿಳಿ ಆಂಟೆನಾ ಇರಬೇಕಾದಲ್ಲಿ ಅಡುಗೆಮನೆಯ ಒಂದು ಅಲ್ಯೂಮಿನಿಯಂ ದಬರಿ ಕವುಚಿ ಕೂತಿದೆ! ಗಾಳಿಗೆ ಹಾರದಂತೆ ಹಗ್ಗ ಬಿಗಿದು, ಮೇಲೊಂದು ಕಲ್ಲು ಬೇರೆ ಹೇರಿದ್ದಾರೆ.

"ಎಂತ ಮಾರಾಯ್ರೆ ಇದು?" ಎಂದೆ, ಹಿಂದೆಯೇ ಹತ್ತಿ ಬಂದ ವಯಸ್ಸಾದ ಕಾವಲುಗಾರರಿಗೆ.

"ಮಳೆ ಸುರು ಆಯ್ತಲ್ಲ ಸಾರ್. ಅಷ್ಟು ಬೆಲೆ ಬಾಳೋ ಸಾಮಾನು ಬಯಲಲ್ಲಿ ಬಿಟ್ಟಿದ್ದಾರೆ. ಒಬ್ಬರಿಗೂ ಜವಾಬ್ದಾರಿ ಇಲ್ಲ. ದಬರಿ ನಮ್ಮನೇದೇ."

ಅವರನ್ನು ಬೈಯಲು ಬಾಯಿ ಬರಲಿಲ್ಲ. ನಮ್ಮ ಕಡೆ ಮಳೆಗೆ ಮುಂಚೆ ಸೌದೆ, ಸ್ಕೂಟರು, ಒಲೆ ಬೂದಿಯನ್ನೂ ಮುಚ್ಚಿಡುತ್ತೇವೆ. ಮುಚ್ಚದವನು ಸೋಮಾರಿ. ಲೋಹದಿಂದ ಮುಚ್ಚಿದರೆ ಅದಕ್ಕೆ ಉಪಗ್ರಹ ಸಿಗುವುದಿಲ್ಲ, ಅದನ್ನು ಮಳೆಯಲ್ಲಿ ನೆನೆಯಲೆಂದೇ ಮಾಡಿದ್ದಾರೆ ಎಂದು ಸಮಾಧಾನದಿಂದ ತಿಳಿಸಿದೆ. ಒಲ್ಲದ ಮನಸ್ಸಿನಿಂದ ಹಗ್ಗ ಬಿಚ್ಚಿದರು.

"ತೆಗೀತೇನೆ ಸಾರ್. ನಾಳೆ ಅದಕ್ಕೆ ಶೀತ ಆದ್ರೆ ನನ್ನ ಕೇಳಬೇಡಿ."

೪. ಮರ ಯಾರದು?

ಮುಂದಿನ ವಾರ ಮತ್ತೆ ಹಿರೇಕೊಡಿಗೆ. ಹಿಂದಿನ ಸಲ ಯಾಕೆ ಆಗಲಿಲ್ಲ ಎಂದು ದಬರಿಯ ಕಥೆ ಹೇಳಿದೆ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಆದರೆ ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ತಿರುಗಿ ನಕ್ಕರು.

ಬಯಲಲ್ಲಿ ಕಂಬ ಚೆನ್ನಾಗಿ ಕೆಲಸ ಮಾಡಿತು. ಮರದ ಬುಡಕ್ಕೆ ಬಂದರೆ ಮತ್ತೆ ತಡವರಿಕೆ. "ಇಲ್ಲಿ ಸೊಪ್ಪು ದಟ್ಟ ಇದೆ, ಸಿಗ್ನಲ್ ಇಳಿಯಲ್ಲ" ಎಂದೆ.

"ಸಾರ್, ಅವರಿಗೆ ಹೇಳಿ, ಕೊಂಬೆ ಕಡಿಯೋ ಮಾತು ಬೇಡ."

"ಸಾರ್, ಅವರಿಗೆ ಹೇಳಿ, ಕಡೀರಿ ಅಂತ ನಾನೂ ಹೇಳ್ಲಿಲ್ಲ."

ಇಷ್ಟು ವರ್ಷಗಳಲ್ಲಿ ಇಬ್ಬರೂ ಮೊದಲ ಸಲ ಒಂದೇ ಮಾತು ಆಡಿದ್ದರು. ಅದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ.

ಬಯಲಲ್ಲಿ ಮೂರು ಕಡೆ ಗುರುತು ಮಾಡಿಕೊಂಡು, ಅಲ್ಲಿಂದ ಬುಡಕ್ಕೆ ಹಳೆಯ ಪದ್ಧತಿಯಲ್ಲಿ ಟೇಪು ಹಿಡಿದೆ. ಬಂದ ಉತ್ತರ ನೋಡಿ ನನಗೇ ನಂಬಿಕೆ ಬರಲಿಲ್ಲ. ಮತ್ತೆ ಹಿಡಿದೆ. ಮೂರನೆಯ ಸಲವೂ ಅದೇ.

"ಅಮ್ಮಾ, ಮರ ನಿಮ್ಮದಲ್ಲ" ಎಂದೆ ಹಿರಿಯರಿಗೆ. ಕಿರಿಯರ ಮುಖ ಅರಳಿತು. "ನಿಮ್ಮದೂ ಅಲ್ಲ. ಎರಡೂ ಗಡಿ ದಾಟಿ ಒಂದು ಮಾರು ಆಚೆ, ರಸ್ತೆಯ ಜಾಗದಲ್ಲಿದೆ."

ಕಿರಿಯರು ನನ್ನನ್ನು ದಾಟಿ ಆ ಕಡೆ ನೋಡಿದರು.

"ಅಕ್ಕಾ, ಈಗೆಂತ ಮಾಡೋದು?"

"ನೀ ಸುಮ್ಮನಿರು. ಸಾರ್ ಹತ್ರ ನಾನು ಕೇಳ್ತೇನೆ."

'ಅವರಿಗೆ ಹೇಳಿ' ಅನ್ನುವ ಮಾತೇ ಇಲ್ಲ. ನನಗೆ ನಿಜವಾಗಿ ಕಣ್ಣು ಒದ್ದೆಯಾಯಿತು. ಇಬ್ಬರೂ ಸೇರಿ ಪಂಚಾಯಿತಿಗೆ ಒಂದೇ ಅರ್ಜಿ ಕೊಡಿ, ಹಣ್ಣು ಕೊಯ್ಯಲು ಕೇಳಿಕೊಳ್ಳಿ ಎಂದು ದಾರಿ ಹೇಳಿ, ಚೀಲ ಹೆಗಲಿಗೇರಿಸಿದೆ. ಹಿರಿಯರು ಹತ್ತಿರ ಬಂದರು.

"ಸಾರ್, ಆ ಕೊಪ್ಪದ ಕಾವಲಿನವರು ಈಗಲೂ ಅಲ್ಲೇ ಇದ್ದಾರಾ?"

"ಇದ್ದಾರೆ. ಯಾಕಮ್ಮಾ?"

"ದಬರೀನ ಇನ್ನೊಂದ್ಸಲ ಮುಚ್ಚಿಸಿ ಅಳೀಲಿಕ್ಕೆ ಆಗ್ತದಾ ಅಂತ. ಮರ ಒಂದು ಮಾರು ಈಚೆ ಬಂದ್ರೆ ಸಾಕಿತ್ತು."

"ಅವರ ದಬರಿ ಮನೆಗೆ ಹೋಯಿತಲ್ಲ" ಎಂದೆ, ನಗು ಬಿಗಿಹಿಡಿದು.

"ನಮ್ಮನೇದು ಕೊಡ್ತೇನೆ, ತಗೊಂಡು ಹೋಗಿ" ಎಂದರು ಕಿರಿಯರು.

ಹಿರಿಯರು ಕೈ ಅಡ್ಡ ಆಡಿಸಿದರು. "ನಿಂದು ಸಣ್ಣದಾಯ್ತು ಮಾರಾಯ್ತಿ. ನಂದು ಕೊಡುವ."