ಟೈಲರನ ನಿದ್ದೆ

ಕಾಲು ಕುಣಿಸುವ ಚಟವೇ ಅವನಿಗೆ ಮುಳುವಾಯಿತು. ಪರೀಕ್ಷೆ ಹತ್ತಿರ ಬಂದರೆ ಸಾಕು, ಹೊಲಿಗೆ ಮಷಿನ್ ತುಳಿಯುವವನ ಹಾಗೆ ಬಲಗಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು. ಹಾಸ್ಟೆಲಿಗೆಲ್ಲ ಅವನು ಟೈಲರ್. ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನವಾಯಿತೋ ಅವನಿಗೇ ಮರೆತುಹೋಗಿತ್ತು. ಗಣಿತದ ಪರೀಕ್ಷೆಯ ಬೆಳಿಗ್ಗೆ ಕುಣಿತ ಮಂಚಕ್ಕೂ ಹತ್ತಿದಾಗ, ರೂಂಮೇಟ್ ಅವನನ್ನು ಎಳೆದುಕೊಂಡು ಹೋಗಿ ವಿಶ್ವವಿದ್ಯಾಲಯದ ಆಪ್ತಸಮಾಲೋಚಕಿಯ ಕೋಣೆಯಲ್ಲಿ ಬಿಟ್ಟ.

ಆಕೆ ಅವನನ್ನು ಸೋಫಾದ ಮೇಲೆ ಮಲಗಿಸಿ, ಕಣ್ಣು ಮುಚ್ಚಿಸಿ, ಉಸಿರನ್ನು ಮೆಲ್ಲಗೆ ಎಳೆದುಕೊಂಡು ಮೆಲ್ಲಗೆ ಬಿಡಲು ಹೇಳಿದರು. ಎಳೆದುಕೊಂಡದ್ದು ಅವನಿಗೆ ನೆನಪಿದೆ. ಬಿಟ್ಟದ್ದು ನೆನಪಿಲ್ಲ.

ಎಚ್ಚರವಾದಾಗ ಕೋಣೆಯಲ್ಲಿ ಯಾರೂ ಇರಲಿಲ್ಲ. ಪರದೆ ಎಳೆದಿತ್ತು. ಗಡಿಯಾರವಿದ್ದ ಗೋಡೆಯಲ್ಲಿ ಬರೀ ಮೊಳೆ. ಯಾರೋ ಅವನಿಗೆ ಕತ್ತಿನವರೆಗೆ ಬಿಳಿ ಹೊದಿಕೆ ಹೊದಿಸಿದ್ದರು. ಕಾಲಿನ ಕಡೆ ನೋಡಿದ. ಅಲ್ಲಾಡುತ್ತಿರಲಿಲ್ಲ. ಅದೇ ಅವನಿಗೆ ಮೊದಲು ಭಯ ಹುಟ್ಟಿಸಿದ್ದು.

ಹೊರಗೆ ಉದ್ದದ ಕಾರಿಡಾರ್, ಒಂದು ಸದ್ದಿಲ್ಲ. ಎದುರು ಬಂದ ಜವಾನ ಇವನನ್ನು ಕಂಡು ಗೋಡೆಗೆ ಒತ್ತಿಕೊಂಡ. ಗಂಟೆ ಎಷ್ಟೆಂದು ಕೇಳಿದರೆ ಸೂರು ನೋಡಿದ. ಮೆಸ್ಸಿನ ಅಡುಗೆಯವರು ತಟ್ಟೆ ಇಟ್ಟು ಬೆನ್ನು ತಿರುಗಿಸಿ ಒಳಗೆ ಹೋದರು. ಅಂಗಳದಲ್ಲಿ ಹರಟುತ್ತಿದ್ದ ಸಹಪಾಠಿಗಳು ಗಪ್ಪೆಂದು ಬಾಯಿ ಮುಚ್ಚಿ, ಎರಡು ಸಾಲಾಗಿ ಸರಿದು ದಾರಿ ಬಿಟ್ಟರು.

"ಪಾಪ, ಒಳ್ಳೆ ಹುಡುಗ," ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು.

ಟೈಲರ್ ತನ್ನ ಕೋಣೆಗೆ ಓಡಿದ. ಅಲ್ಲಿ ರೂಂಮೇಟ್ ಇವನ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಹಗ್ಗ ಬಿಗಿಯುತ್ತಿದ್ದ.

"ಲೋ, ನಿಜ ಹೇಳು. ನಾನು ಹೋಗ್ಬಿಟ್ನಾ?"

ರೂಂಮೇಟನ ಕಣ್ಣು ತುಂಬಿತು. ತಲೆ ತಗ್ಗಿಸಿ ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದ. ಅಷ್ಟರಲ್ಲಿ ಬಾಗಿಲಿಗೆ ಸಮಾಲೋಚಕಿ ಬಂದರು.

"ಕೂತ್ಕೋಪ್ಪ. ನಿನ್ನ ಪರೀಕ್ಷೆ ಮುಗಿದುಹೋಯ್ತು. ಅಪರೂಪಕ್ಕೆ ಮಲಗಿದಾನೆ, ಎಬ್ಬಿಸಬೇಡಿ ಅಂತ ನಾನೇ ಹೇಳಿದ್ದು. ನಾನು ನಿಧಾನವಾಗಿ ತಿಳಿಸೋವರೆಗೂ ನಿನ್ ಹತ್ರ ಯಾರೂ ಮಾತಾಡಬಾರದು, ಗಡಿಯಾರ, ಪುಸ್ತಕ ಕಣ್ಣಿಗೆ ಬೀಳಬಾರದು ಅಂತಾನೂ ಹೇಳಿದ್ದೆ."

"ಅಂದ್ರೆ ನಾನು ಸತ್ತಿಲ್ವಾ ಮೇಡಂ?"

"ಇಲ್ಲಪ್ಪ. ಫೇಲು, ಅಷ್ಟೆ."

ಟೈಲರ್ ನಗತೊಡಗಿದ. ಹೊಟ್ಟೆ ಹಿಡಿದುಕೊಂಡು, ಮಂಚದ ಮೇಲೆ ಹೊರಳಾಡಿ ನಕ್ಕ. ಎದ್ದು ರೂಂಮೇಟನನ್ನು ತಬ್ಬಿಕೊಂಡು, ತಾನು ಫೇಲಾದೆನೆಂದು ಕೋಣೆಯ ತುಂಬ ಕುಣಿದ. ಜೀವನದಲ್ಲಿ ಅಷ್ಟು ಹಗುರಾಗಿ ಅವನು ಯಾವತ್ತೂ ಇರಲಿಲ್ಲ.

ಸಮಾಲೋಚಕಿ ಅವನನ್ನೇ ನೋಡುತ್ತ ನಿಂತಿದ್ದರು. ಆಮೇಲೆ ರೂಂಮೇಟನ ಕಡೆ ತಿರುಗಿ ದನಿ ತಗ್ಗಿಸಿದರು.

"ನಾನಂದ್ಕೊಂಡಿದ್ದಕ್ಕಿಂತ ಜಾಸ್ತಿನೇ ಆಗಿದೆ. ನಾಳೆ ಪರೀಕ್ಷೆಗೂ ಎಬ್ಬಿಸೋದು ಬೇಡ."