ಪೇಟೆಯ ಭಾಷೆ ಕಲಿಯದ ಕ್ಯಾಮೆರಾದ ಬಗ್ಗೆ

ವಿಮಾನ ನಗರದ ಏಳನೆಯ ಮಹಡಿಯಲ್ಲಿ ತಂಪಾಗಿ ಕುಳಿತು ಕಾರ್ಖಾನೆಗಳಿಗೆ ಕಣ್ಣು ಕರುಣಿಸುವ ಕ್ಯಾಮೆರಾ ಕಂಪನಿಯ ಮಾನ್ಯ ವ್ಯವಸ್ಥಾಪಕರೇ,

ಯೆರವಡಾದಲ್ಲಿ ಉಪ್ಪಿನಕಾಯಿ ಬಾಟಲಿಗಳಿಗೆ ಮುಚ್ಚಳ ಮಾಡುವ ರಾಮಲಿಂಗಪ್ಪನ ಅನಂತ ನಮಸ್ಕಾರಗಳು. ಕನ್ವೇಯರ್ ಪಟ್ಟಿಯ ಮೇಲೆ ಓಡುವ ಮುಚ್ಚಳಗಳಲ್ಲಿ ಅಂಚು ಸೀಳಿದವುಗಳನ್ನು ಗುರುತಿಸಿ ಹೊರಗೆ ತಳ್ಳಿಸುತ್ತಿದ್ದ ತಮ್ಮ ಕ್ಯಾಮೆರಾದ ಸೇವೆಯನ್ನು ನಾನು ಮರೆತಿಲ್ಲ. ಮರೆತದ್ದು ಕ್ಯಾಮೆರಾ.

ಈ ಖಂಡೇನವಮಿಯ ಆಯುಧಪೂಜೆಗೆ ಎಲ್ಲ ಯಂತ್ರಗಳನ್ನೂ ಒರೆಸಿ, ಎಣ್ಣೆ ಹಾಕಿ, ಚೆಂಡುಹೂವಿನ ಮಾಲೆ ಏರಿಸಿದೆವು. ಕಂಪ್ಯೂಟರ್ ನೋಡಿಕೊಳ್ಳುವ ನನ್ನ ಅಣ್ಣನ ಮಗ ಮಾಂತು, ಹಬ್ಬದ ದಿನ ಕಂಪ್ಯೂಟರೊಂದನ್ನೇ ಹಳೇ ಬಟ್ಟೆಯಲ್ಲಿ ಕೂರಿಸುವುದು ಸರಿಯಲ್ಲವೆಂದು, ಬಹುದಿನಗಳಿಂದ ಬಾಕಿಯಿದ್ದ ಅದರ ಆಪರೇಟಿಂಗ್ ಸಿಸ್ಟಮ್ ಅಪ್‌ಡೇಟನ್ನು ಮುಹೂರ್ತ ನೋಡಿ ಹಾಕಿಬಿಟ್ಟ. ಆರತಿ ಮುಗಿಯುವಷ್ಟರಲ್ಲಿ ತಮ್ಮ ಕ್ಯಾಮೆರಾ ಮೂಕವಾಗಿತ್ತು. "ಕಾಕಾ, ಅದರ ಮಾತು ಕಂಪ್ಯೂಟರಿಗೆ ತಿಳಿಯಾಕತ್ತಿಲ್ರಿ. ಕ್ಯಾಮೆರಾ ಕಂಪನಿಯವರದ ಸಾಫ್ಟ್‌ವೇರ್ ನಡುವ ನಿಂತು ತಿಳಿಸಿ ಹೇಳಬೇಕಂತ. ಹೊಸ ಅಪ್‌ಡೇಟಿನಾಗ ಅದು ಬಿದ್ದದ," ಎಂದ.

ತಮ್ಮ ಇಂಜಿನಿಯರ್ ಸಾಯಲಿ ಮೇಡಂ ಫೋನಿನಲ್ಲಿ ಬಹಳ ಮೃದುವಾಗಿ, ಹಳೆಯ ಆಪರೇಟಿಂಗ್ ಸಿಸ್ಟಮ್‌ಗೆ ಮರಳಿ, ಇಲ್ಲವೇ ಹೊಸ ಮಾಡೆಲ್ ಕೊಳ್ಳಿ ಎಂದರು. ಎಂಥ ಉದಾರತೆ. ಆದರೆ ಮಾಂತು ತನ್ನ ಸಾದಾ ವೆಬ್‌ಕ್ಯಾಮ್ ಚುಚ್ಚಿದೊಡನೆ ಅದೇ ಕಂಪ್ಯೂಟರಿನಲ್ಲಿ ಮುಚ್ಚಳ ಫಳಫಳ ಕಂಡಿತು. ಏಕೆಂದರೆ ಅದು ಆಪರೇಟಿಂಗ್ ಸಿಸ್ಟಮ್ ಎಲ್ಲರಿಗೂ ತೆರೆದಿಟ್ಟ ಬಾಗಿಲಿನಿಂದ, ಎಲ್ಲರೂ ಆಡುವ ಮಾತಿನಲ್ಲೇ ಒಳಗೆ ಬರುತ್ತದಂತೆ. ಪಟ್ಟಿಯ ವೇಗ ಅದಕ್ಕೆ ಎಟುಕಲಿಲ್ಲ, ಅಷ್ಟೇ.

ಮಾನ್ಯರೇ, ವಿಜಯಪುರದಿಂದ ಈ ಮರಾಠಿ ಊರಿಗೆ ಬಂದ ನಾನು ಮನೆಯಲ್ಲಿ ಕನ್ನಡ ಆಡುತ್ತೇನೆ, ಪೇಟೆಗಿಳಿದರೆ ಮರಾಠಿ. ದುಭಾಷಿಯನ್ನು ಬೆನ್ನಿಗೆ ಕಟ್ಟಿಕೊಂಡು ಅಲೆದಿದ್ದರೆ ಒಂದು ಮುಚ್ಚಳವೂ ಮಾರಾಟವಾಗುತ್ತಿರಲಿಲ್ಲ. ತಮ್ಮ ಕ್ಯಾಮೆರಾಕ್ಕೂ ಪೇಟೆಯ ಭಾಷೆ ಕಲಿಸಿ. ಸ್ವಾಭಿಮಾನ ಅಡ್ಡ ಬಂದರೆ ಸಾಯಲಿ ಮೇಡಂ ಅವರನ್ನೇ ಕಂಪ್ಯೂಟರಿನೊಳಗೆ ಕಾಯಂ ವಾಸಕ್ಕೆ ಕಳಿಸಿ. ಎರಡು ಹೊತ್ತಿನ ಜೋಳದ ರೊಟ್ಟಿ ನಮ್ಮದು. ಅದೂ ಆಗದಿದ್ದರೆ, ತಮ್ಮ ಅಪ್ಪಣೆಯಿಲ್ಲದೆ ಜಗತ್ತಿನ ಯಾವ ಕಂಪ್ಯೂಟರೂ ಹೊಸದಾಗಬಾರದೆಂದು ಆದೇಶ ಹೊರಡಿಸಿ. ಸೋಮವಾರದೊಳಗೆ ಆದರೆ ಒಳ್ಳೆಯದು. ಅಂದು ನಮ್ಮ ದೊಡ್ಡ ಗಿರಾಕಿ, ಉಪ್ಪಿನಕಾಯಿ ಕಾರ್ಖಾನೆಯ ಮಾಲೀಕ ಹರಿಶ್ಚಂದ್ರರು ಮುಚ್ಚಳಗಳ ಪರೀಕ್ಷೆಗೆ ಬರುತ್ತಾರೆ. ಒಂದು ಸೀಳು ಕಂಡರೂ ವರ್ಷದ ಆರ್ಡರ್ ಬೇರೆಯವರ ಪಾಲು.

ಯಾವ ಅಪ್‌ಡೇಟಿಗೂ ಕದಲದ ತಮ್ಮ ವಿಶ್ವಾಸಿ,
ರಾಮಲಿಂಗಪ್ಪ

ತಾ.ಕ.: ಪತ್ರಿಕೆಗೆ ಕೊಟ್ಟ ಈ ಬಹಿರಂಗ ಪತ್ರ ಅಚ್ಚಿಗೆ ಹೋಗುವ ಮೊದಲೇ ಸೋಮವಾರ ಬಂದುಹೋಯಿತು. ಎಲ್ಲರ ಬಾಗಿಲಿನಿಂದಲೇ ಒಳಬರುವ ಬೇರೊಂದು ಕಂಪನಿಯ ಕ್ಯಾಮೆರಾ ತಂದು ಚುಚ್ಚಿದೆವು, ಆರ್ಡರ್ ಉಳಿಯಿತು. ಹರಿಶ್ಚಂದ್ರರ ಕಾರ್ಖಾನೆಯ ತುಂಬ ತಮ್ಮವೇ ಕ್ಯಾಮೆರಾಗಳಂತೆ. ಅಪ್‌ಡೇಟ್ ಹಾಕಲು ಹೆದರಿ ಕೂತಿದ್ದಾರಂತೆ. ಹೋಗುವಾಗ ನಮ್ಮ ಹೊಸ ಕ್ಯಾಮೆರಾದ ಕಂಪನಿಯ ಫೋನ್ ನಂಬರ್ ಕೇಳಿದರು. ತಮ್ಮ ಮೇಲಿನ ಗೌರವದಿಂದ ಮೊದಲು ಹಿಂಜರಿದೆ, ಆಮೇಲೆ ಕೊಟ್ಟೆ.